ಟಿ-ಟೆಸ್ಟ್‌ಗೆ ಮುಂಚೆ ಏನನ್ನು ನೋಡಬೇಕು?

ಪ್ರಶ್ನೆ: ನಾನು ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. 14 ಗಿಡಗಳಿಗೆ ಒಂದು ದ್ರಾವಣ ಸಿಂಪಡಿಸಿದ್ದೇನೆ, 28 ಗಿಡಗಳನ್ನು ಹಾಗೇ ಬಿಟ್ಟಿದ್ದೇನೆ. ಆಮೇಲೆ ಎಲೆಯಲ್ಲಿರುವ ಒಂದು ರಾಸಾಯನಿಕದ ಪ್ರಮಾಣ ಅಳೆದೆ. ಗಿಡಕ್ಕೆ ಮೂರು ಎಲೆಯಂತೆ ಒಟ್ಟು 126 ಅಳತೆಗಳಿವೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಮಾಡಿದಾಗ ಪಿ-ವ್ಯಾಲ್ಯೂ (ದ್ರಾವಣ ಏನೂ ಮಾಡದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.02 ಬಂತು. ಗೈಡ್‌ಗೆ ತೋರಿಸಿದರೆ, ‘ಟಿ-ಟೆಸ್ಟ್‌ನ ಗೃಹೀತಗಳನ್ನು ಪರೀಕ್ಷಿಸಿದ್ದೀಯಾ?’ ಎಂದು ಕೇಳಿದರು. 126 ಅಳತೆಗಳ ಇಡೀ ಕಾಲಂ ಮೇಲೆ ಶಪಿರೋ-ವಿಲ್ಕ್ ಪರೀಕ್ಷೆ ಮಾಡಿದೆ, 0.003 ಬಂತು, ಅಂದರೆ ಹಂಚಿಕೆ ನಾರ್ಮಲ್ (ಗಂಟೆಯಾಕಾರದ್ದು) ಅಲ್ಲ. ಲೆವೀನ್ ಪರೀಕ್ಷೆಯಲ್ಲಿ 0.08 ಬಂತು, ಅಂದರೆ ಎರಡು ಗುಂಪುಗಳ ವೇರಿಯನ್ಸ್ (ಹರಡುವಿಕೆಯ ಅಳತೆ) ಸಮ ಇದೆ. ಸ್ಯಾಂಪಲ್ 30 ದಾಟಿದರೆ ನಾರ್ಮಲ್ ಆಗಿರಬೇಕಿಲ್ಲ ಅನ್ನುತ್ತಾರೆ ಒಬ್ಬರು. ಅಳತೆಗಳ ಬದಲು ಅವುಗಳ ಕ್ರಮಾಂಕ ನೋಡುವ ಮ್ಯಾನ್-ವಿಟ್ನಿ ಪರೀಕ್ಷೆ ಮಾಡಿದರೆ ಯಾವ ಗೃಹೀತದ ಗೊಡವೆಯೂ ಇಲ್ಲ ಅನ್ನುತ್ತಾರೆ ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ:

ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಇಬ್ಬರ ಮಾತೂ ನಿಮ್ಮ ಸಮಸ್ಯೆಗೆ ತಾಗುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 0.003 ಅಲ್ಲ, 0.08 ಕೂಡ ಅಲ್ಲ. ‘ಗಿಡಕ್ಕೆ ಮೂರು ಎಲೆಯಂತೆ’ ಎಂದು ನೀವು ಹಾಗೇ ಹೇಳಿ ಮುಂದೆ ಹೋದಿರಲ್ಲ, ಆ ಮಾತು. ನಿಮ್ಮ 0.02ರ ಹಣೆಬರಹ ಅಲ್ಲಿದೆ.

ಟಿ-ಟೆಸ್ಟ್‌ನ ಗೃಹೀತಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೂರು ಎಂದು ಹೇಳುತ್ತವೆ: ಅಳತೆಗಳು ಒಂದಕ್ಕೊಂದು ಸ್ವತಂತ್ರವಾಗಿರಬೇಕು, ಪ್ರತಿ ಗುಂಪೂ ನಾರ್ಮಲ್ ಹಂಚಿಕೆಯಿಂದ ಬಂದಿರಬೇಕು, ಎರಡೂ ಗುಂಪಿನ ವೇರಿಯನ್ಸ್ ಒಂದೇ ಆಗಿರಬೇಕು. ಪಟ್ಟಿಯಲ್ಲಿ ಮೂರೂ ಅಕ್ಕಪಕ್ಕ ಕೂತಿರುವುದರಿಂದ ಮೂರಕ್ಕೂ ಒಂದೇ ತೂಕ ಅನಿಸಿಬಿಡುತ್ತದೆ. ವಿದ್ಯಾರ್ಥಿಗಳ ನಿದ್ದೆ ಕೆಡಿಸುವುದು ನಡುವಿನದು, ಅದಕ್ಕೊಂದು ಬಟನ್ ಇದೆ ಎಂಬ ಕಾರಣಕ್ಕೇ ಇರಬೇಕು. ಲೆಕ್ಕವನ್ನು ನಿಜವಾಗಿ ಬುಡಮೇಲು ಮಾಡುವುದು ಮೊದಲನೆಯದು. ಅದಕ್ಕೆ ಯಾವ ಸಾಫ್ಟ್‌ವೇರ್‌ನಲ್ಲೂ ಬಟನ್ ಇಲ್ಲ, ಏಕೆಂದರೆ ಅದರ ಉತ್ತರ ಅಂಕಿಗಳಲ್ಲಿ ಇರುವುದಿಲ್ಲ, ಪ್ರಯೋಗ ಹೇಗೆ ನಡೆಯಿತು ಎಂಬುದರಲ್ಲಿ ಇರುತ್ತದೆ.

ಈ ಗೃಹೀತಗಳು ಎಲ್ಲಿಂದ ಬಂದವು ಎಂದು ಮೊದಲು ನೋಡೋಣ. ಟಿ ಎಂಬುದು ಒಂದು ಭಾಗಾಕಾರ. ಮೇಲೆ ಎರಡು ಸರಾಸರಿಗಳ ವ್ಯತ್ಯಾಸ. ಕೆಳಗೆ, ಆ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಎಷ್ಟು ಹೊಯ್ದಾಡಬಹುದು ಎಂಬುದರ ಅಂದಾಜು. ಈ ಕೆಳಗಿನ ಸಂಖ್ಯೆ ನಮಗೆ ಮೊದಲೇ ಗೊತ್ತಿದ್ದರೆ ಕಥೆ ಸುಲಭ, ನಾರ್ಮಲ್ ಕೋಷ್ಟಕ ಸಾಕು. ಗೊತ್ತಿರುವುದಿಲ್ಲ, ಅದೇ ಸ್ಯಾಂಪಲ್‌ನಿಂದ ಅಂದಾಜು ಮಾಡಬೇಕು. ಸ್ಯಾಂಪಲ್ ಚಿಕ್ಕದಾದಷ್ಟೂ ಆ ಅಂದಾಜೇ ಅಲ್ಲಾಡುತ್ತದೆ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್‌ಗೆ ಎದುರಾಗಿದ್ದು ಇದೇ ತೊಡಕು. ಅವರ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಅಳತೆಗಳು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಟಿ ಹುಟ್ಟಿತು. ಸೂತ್ರ ಸರಿಯೇ ಎಂದು ನೋಡಲು ಅವರು 3000 ಕೈದಿಗಳ ಎತ್ತರ ಮತ್ತು ಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಕಲಸಿ, ನಾಲ್ಕು ನಾಲ್ಕಾಗಿ 750 ಸ್ಯಾಂಪಲ್ ಮಾಡಿಕೊಂಡು ಕೈಯಲ್ಲೇ ಲೆಕ್ಕ ಹಾಕಿದರು. ಇವತ್ತು ಕಂಪ್ಯೂಟರ್‌ನಲ್ಲಿ ಮಾಡುವ ಸಿಮ್ಯುಲೇಷನ್ ಎಂದರೆ ಅದೇ.

ಆ ಭಾಗಾಕಾರ ಟಿ ಕೋಷ್ಟಕಕ್ಕೆ ಹೊಂದಬೇಕಾದರೆ, ಮೇಲಿನ ವ್ಯತ್ಯಾಸ ನಾರ್ಮಲ್ ಆಗಿ ಹರಡಿರಬೇಕು, ಕೆಳಗಿನ ಅಂದಾಜು ನಿಜವಾದ ಹೊಯ್ದಾಟವನ್ನು ಸರಿಯಾಗಿ ಹಿಡಿದಿರಬೇಕು, ಮೇಲಿನದಕ್ಕೂ ಕೆಳಗಿನದಕ್ಕೂ ಒಳಸಂಬಂಧ ಇರಬಾರದು. ಪುಸ್ತಕದ ಮೂರು ಗೃಹೀತಗಳು ಈ ಬೇಡಿಕೆಗಳನ್ನು ಪೂರೈಸಲು ಬಂದ ಷರತ್ತುಗಳು. ಆದ್ದರಿಂದ ಗೃಹೀತ ತಪ್ಪಿದೆಯೇ ಎಂದು ಕೇಳುವುದಕ್ಕಿಂತ, ತಪ್ಪಿದ್ದು ಭಾಗಾಕಾರದ ಯಾವ ಭಾಗವನ್ನು ಎಷ್ಟು ಕೆಡಿಸುತ್ತದೆ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ಎಲೆಗಳಿಗೆ ಬರೋಣ. ಒಂದೇ ಗಿಡದ ಮೂರು ಎಲೆಗಳು ಒಂದೇ ಬೇರಿನಿಂದ ಉಂಡವು, ಒಂದೇ ಬೆಳಕಿನಲ್ಲಿ ಬೆಳೆದವು. ಮೊದಲ ಎಲೆಯಲ್ಲಿ ಪ್ರಮಾಣ ಹೆಚ್ಚಿದ್ದರೆ ಉಳಿದೆರಡರಲ್ಲೂ ಹೆಚ್ಚೇ ಇರುವ ಸಂಭವ ಜಾಸ್ತಿ. ಎರಡನೇ ಎಲೆ ನಿಮಗೆ ಹೊಸದಾಗಿ ಹೇಳುವುದು ಸ್ವಲ್ಪ, ಮೂರನೆಯದು ಇನ್ನೂ ಸ್ವಲ್ಪ. ಟಿ-ಟೆಸ್ಟ್‌ಗೆ ಇದು ಗೊತ್ತಿಲ್ಲ. 126 ಸಾಲು ಕೊಟ್ಟಿರಿ, 126 ಬೇರೆ ಬೇರೆ ಗಿಡಗಳೆಂದೇ ಅದು ನಂಬಿತು, 124 ಡಿಗ್ರಿ ಆಫ್ ಫ್ರೀಡಂ (ಹೊಯ್ದಾಟವನ್ನು ಅಂದಾಜು ಮಾಡಲು ಸಿಕ್ಕ ಸ್ವತಂತ್ರ ಮಾಹಿತಿಯ ಎಣಿಕೆ) ಬರೆದುಕೊಂಡಿತು, ಕೆಳಗಿನ ಸಂಖ್ಯೆಯನ್ನು ಇರಬೇಕಾದ್ದಕ್ಕಿಂತ ಚಿಕ್ಕದು ಮಾಡಿತು. ಕೆಳಗಿನದು ಚಿಕ್ಕದಾದರೆ ಟಿ ಉಬ್ಬುತ್ತದೆ.

ಎಷ್ಟು ಉಬ್ಬುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಒಂದೇ ಗಿಡದ ಎರಡು ಎಲೆಗಳ ನಡುವಿನ ಸಹಸಂಬಂಧ 0.8 ಎಂದಿಟ್ಟುಕೊಳ್ಳಿ. ಗಿಡಕ್ಕೆ ಮೂರು ಎಲೆ ಇರುವಾಗ ಸರಾಸರಿಯ ನಿಜವಾದ ವೇರಿಯನ್ಸ್, ಟಿ-ಟೆಸ್ಟ್ ಭಾವಿಸುವುದಕ್ಕಿಂತ 1 ಕೂಡಿಸು 2 ಗುಣಿಸು 0.8, ಅಂದರೆ 2.6 ಪಟ್ಟು. ನಿಮ್ಮ 126 ಅಳತೆಗಳಲ್ಲಿರುವ ಮಾಹಿತಿ ಸುಮಾರು 48 ಸ್ವತಂತ್ರ ಅಳತೆಗಳಷ್ಟು. ಟಿ ಬೆಲೆ 2.6ರ ವರ್ಗಮೂಲದಷ್ಟು, ಅಂದರೆ 1.6 ಪಟ್ಟು ಹಿಗ್ಗಿದೆ. ದ್ರಾವಣ ಏನೂ ಮಾಡದಿದ್ದರೂ ‘ಪರಿಣಾಮ ಇದೆ’ ಎಂದು ಬರುವ ಸಾಧ್ಯತೆ 5 ಶೇಕಡ ಇರಬೇಕಿತ್ತು. ಅದು 20 ಶೇಕಡ ದಾಟುತ್ತದೆ. ಇಂಥ 0.02 ಕಂಡು ಸಂಭ್ರಮಿಸುವ ಮುನ್ನ ಸ್ವಲ್ಪ ತಡೆಯಿರಿ.

ಇನ್ನೊಂದು ವಿಚಿತ್ರ ಗಮನಿಸಿ. ಶಪಿರೋ-ವಿಲ್ಕ್ ಮತ್ತು ಲೆವೀನ್ ಕೂಡ ಅಳತೆಗಳು ಸ್ವತಂತ್ರ ಎಂದೇ ನಂಬಿ ಲೆಕ್ಕ ಹಾಕುತ್ತವೆ. ಗೃಹೀತವನ್ನು ಪರೀಕ್ಷಿಸಲು ನೀವು ಕರೆತಂದ ಪರೀಕ್ಷೆಗಳ ಗೃಹೀತವೇ ಮುರಿದಿದೆ. ಹಾಗಾಗಿ 0.003 ಮತ್ತು 0.08 ಎರಡನ್ನೂ ಬದಿಗಿಡಿ.

ಪರಿಹಾರ ಸರಳ. ಪ್ರತಿ ಗಿಡದ ಮೂರು ಎಲೆಗಳ ಸರಾಸರಿ ತೆಗೆಯಿರಿ, ಗಿಡಕ್ಕೆ ಒಂದೇ ಸಂಖ್ಯೆ. 126 ಸಾಲು 42 ಆಗುತ್ತವೆ, ಪರೀಕ್ಷೆ ಅವುಗಳ ಮೇಲೆ. ಎಲೆ ಅಳೆದ ಶ್ರಮ ವ್ಯರ್ಥವಾಯಿತು ಅಂದುಕೊಳ್ಳಬೇಡಿ. ಮೂರು ಎಲೆಯ ಸರಾಸರಿ ಒಂದು ಎಲೆಗಿಂತ ಗಿಡವನ್ನು ಚೆನ್ನಾಗಿ ಪ್ರತಿನಿಧಿಸುತ್ತದೆ, ಅಳತೆಯ ಗದ್ದಲ ಕಡಿಮೆಯಾಗುತ್ತದೆ, ಆ ಲಾಭ ನಿಮಗೆ ದಕ್ಕಿಯೇ ದಕ್ಕುತ್ತದೆ. ಗಿಡದ ಏರಿಳಿತ, ಎಲೆಯ ಏರಿಳಿತ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಮಾದರಿ ಬಳಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅದೂ ಸರಿಯೇ. ಆದರೆ ಎಲ್ಲ ಗಿಡಕ್ಕೂ ಎಲೆಗಳ ಸಂಖ್ಯೆ ಒಂದೇ ಇರುವಾಗ ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಊರಿಗೆ ಹೋಗುತ್ತವೆ. ಸರಾಸರಿಯ ದಾರಿಯನ್ನು ಪರೀಕ್ಷಕರಿಗೆ ವಿವರಿಸುವುದು ಸುಲಭ.

ಇಲ್ಲಿಗೇ ಮುಗಿಯಿತು ಅನ್ನುವ ಹಾಗಿಲ್ಲ. ನೀವು ಹೇಳದೇ ಬಿಟ್ಟ ಒಂದು ಸಂಗತಿ ಇದೆ: ಸಿಂಪಡಿಸಿದ 14 ಗಿಡಗಳು ಎಲ್ಲಿದ್ದವು? ಅವು ಇತರ ಗಿಡಗಳ ನಡುವೆ ಚೀಟಿ ಎತ್ತಿದಂತೆ ಹರಡಿದ್ದವೇ, ಇಲ್ಲ ಒಂದೇ ಟ್ರೇಯಲ್ಲಿ, ಒಂದೇ ಕಿಟಕಿಯ ಬಳಿ ಗುಂಪಾಗಿದ್ದವೇ? ಗುಂಪಾಗಿದ್ದರೆ ನೀವು ಹೋಲಿಸುತ್ತಿರುವುದು ದ್ರಾವಣವನ್ನೋ ಕಿಟಕಿಯನ್ನೋ ಎಂದು ಯಾರೂ ಹೇಳಲಾರರು. ಟ್ರೇಗೆ ಟ್ರೇಯನ್ನೇ ಸಿಂಪಡಿಸಿದ್ದರೆ ಪ್ರಯೋಗದ ಘಟಕ ಗಿಡವೂ ಅಲ್ಲ, ಟ್ರೇ. ಎಣಿಕೆಗೆ ಬರುವುದು ಟ್ರೇಗಳು. ಪರಿಸರ ವಿಜ್ಞಾನದಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪಿಗೆ ‘ಸ್ಯೂಡೋರೆಪ್ಲಿಕೇಷನ್’ (ಹುಸಿ ಪುನರಾವರ್ತನೆ) ಎಂದು ಹೆಸರಿಟ್ಟು, ಪ್ರಕಟವಾದ ಪ್ರಯೋಗಗಳಲ್ಲೇ ಅದು ಎಷ್ಟು ಸಾಮಾನ್ಯ ಎಂದು ತೋರಿಸಿದರು. ಆ ಹೆಸರು ಬಂದು ದಶಕಗಳಾದವು, ತಪ್ಪು ಮಾತ್ರ ಇನ್ನೂ ಹೊಸದರಂತೆಯೇ ಇದೆ. ಅಳತೆ ಮುಗಿದ ಮೇಲೆ ಇದನ್ನು ಸರಿಪಡಿಸುವ ಸೂತ್ರ ಇಲ್ಲ. ನಿಮ್ಮ ಲ್ಯಾಬ್ ನೋಟ್‌ಬುಕ್ ತೆಗೆದು ಮೊದಲು ಅದನ್ನು ನೋಡಿ.

ಸ್ವಾತಂತ್ರ್ಯ ಬೇಕೆಂದೇ ಮುರಿದು ಲಾಭ ಪಡೆಯುವ ಸಂದರ್ಭವೂ ಇದೆ; ಅದೇ ಜೋಡಿ ಟಿ-ಟೆಸ್ಟ್. ಗಾಸೆಟ್ ತಮ್ಮ 1908ರ ಲೇಖನದಲ್ಲಿ 10 ಜನರಿಗೆ ಎರಡು ನಿದ್ರೆಯ ಔಷಧ ಕೊಟ್ಟ ಪ್ರಯೋಗದ ಅಂಕಿಗಳನ್ನು ಬಳಸಿದ್ದರು. ಒಂದು ಔಷಧದಿಂದ ಸಿಕ್ಕ ಹೆಚ್ಚುವರಿ ನಿದ್ದೆ ಸರಾಸರಿ 0.75 ಗಂಟೆ, ಇನ್ನೊಂದರಿಂದ 2.33 ಗಂಟೆ. ಇವನ್ನು ಎರಡು ಬೇರೆ ಗುಂಪುಗಳೆಂದು ತಪ್ಪಾಗಿ ಭಾವಿಸಿ ಲೆಕ್ಕ ಹಾಕಿದರೆ ಟಿ 1.86, ಪಿ-ವ್ಯಾಲ್ಯೂ 0.079. ಎರಡೂ ಅಳತೆ ಒಬ್ಬರದೇ ಎಂಬುದನ್ನು ಗೌರವಿಸಿ, ಪ್ರತಿಯೊಬ್ಬರ ವ್ಯತ್ಯಾಸವನ್ನು ತೆಗೆದುಕೊಂಡರೆ ಟಿ 4.06, ಪಿ-ವ್ಯಾಲ್ಯೂ 0.003. ಅಂಕಿಗಳು ಅವೇ, ತೀರ್ಪು ಬೇರೆ. ನಿಮ್ಮಲ್ಲಿ ಸಂಬಂಧವನ್ನು ಮರೆತದ್ದರಿಂದ ಟಿ ಉಬ್ಬಿತು. ಅಲ್ಲಿ ಸಂಬಂಧವನ್ನು ಮರೆತರೆ ಟಿ ಕುಗ್ಗುತ್ತದೆ. ಜೋಡಿ ಪರೀಕ್ಷೆಯಲ್ಲಿ ನಾರ್ಮಲ್ ಆಗಿರಬೇಕಾದದ್ದು ಎರಡು ಕಾಲಂಗಳಲ್ಲ, ಅವುಗಳ ವ್ಯತ್ಯಾಸ ಎಂಬುದನ್ನೂ ನೆನಪಿಡಿ.

ಇನ್ನು ವೇರಿಯನ್ಸ್. ಹಳೆಯ ಟಿ-ಟೆಸ್ಟ್ ಎರಡೂ ಗುಂಪುಗಳ ವೇರಿಯನ್ಸ್ ಅನ್ನು ಒಟ್ಟಿಗೆ ಬೆರೆಸಿ ಒಂದೇ ಅಂದಾಜು ಮಾಡುತ್ತದೆ. ಬೆರೆಸುವಾಗ ದೊಡ್ಡ ಗುಂಪಿನ ಮಾತೇ ಹೆಚ್ಚು ನಡೆಯುತ್ತದೆ. ನಿಮ್ಮ 14 ಮತ್ತು 28 ಗಿಡಗಳನ್ನೇ ತೆಗೆದುಕೊಳ್ಳಿ. ಸಿಂಪಡಿಸಿದ ಚಿಕ್ಕ ಗುಂಪಿನ ಮಾನಕ ವಿಚಲನೆ (ವೇರಿಯನ್ಸ್‌ನ ವರ್ಗಮೂಲ) ಇನ್ನೊಂದರ ಎರಡರಷ್ಟಿದೆ ಎಂದು ಭಾವಿಸೋಣ. ಸಿಂಪಡಣೆಗೆ ಒಂದೊಂದು ಗಿಡ ಒಂದೊಂದು ಥರ ಸ್ಪಂದಿಸುವುದರಿಂದ ಹೀಗಾಗುವುದು ಅಪರೂಪವಲ್ಲ. ಬೆರೆಸಿದ ಅಂದಾಜು ಶಾಂತವಾಗಿರುವ 28 ಗಿಡಗಳ ಕಡೆ ವಾಲುತ್ತದೆ, ನಿಜವಾದ ಹೊಯ್ದಾಟ ಮಾತ್ರ 14 ಗಿಡಗಳ ಕಡೆಯಿಂದ ಬರುತ್ತದೆ. ಫಲ, 5 ಶೇಕಡ ಎಂದು ಹೇಳಿಕೊಳ್ಳುವ ಪರೀಕ್ಷೆ ಸುಮಾರು 10 ಶೇಕಡ ಸಲ ತಪ್ಪಾಗಿ ಗಂಟೆ ಬಾರಿಸುತ್ತದೆ. ತಿರುಗಾಮುರುಗಾ ಮಾಡಿ, ದೊಡ್ಡ ಗುಂಪಿನ ವಿಚಲನೆ ಎರಡರಷ್ಟಾಗಲಿ: ಆಗ ತಪ್ಪು ಗಂಟೆ 2 ಶೇಕಡದ ಆಸುಪಾಸಿಗೆ ಇಳಿಯುತ್ತದೆ. ಒಳ್ಳೆಯದೇ ಆಯಿತಲ್ಲ ಅನ್ನಬೇಡಿ, ನಿಜವಾದ ಪರಿಣಾಮವನ್ನು ಕಾಣುವ ಶಕ್ತಿಯೂ ಜೊತೆಗೇ ಕುಸಿದಿರುತ್ತದೆ. ಗುಂಪುಗಳು 10 ಮತ್ತು 40 ಆಗಿ, ಚಿಕ್ಕದರ ವಿಚಲನೆ ಮೂರು ಪಟ್ಟಿದ್ದರೆ ಇನ್ನೂ ಭಯಂಕರ: ಸುಮಾರು ನಾಲ್ಕು ಸಲಕ್ಕೆ ಒಂದು ಸಲ ಸುಳ್ಳು ಫಲಿತಾಂಶ. ಎರಡೂ ಗುಂಪು ಒಂದೇ ಗಾತ್ರದವಾದರೆ ಈ ಕಾಟ ಹೆಚ್ಚುಕಡಿಮೆ ಇರುವುದಿಲ್ಲ. ಮುಂದಿನ ಪ್ರಯೋಗಕ್ಕೆ ಇದನ್ನು ಗುರುತು ಹಾಕಿಕೊಳ್ಳಿ.

ಇದಕ್ಕೆ ಮದ್ದು 1940ರ ದಶಕದಲ್ಲೇ ಸಿಕ್ಕಿತು. ಬಿ. ಎಲ್. ವೆಲ್ಚ್ ಸೂಚಿಸಿದ ರೂಪದಲ್ಲಿ ವೇರಿಯನ್ಸ್‌ಗಳನ್ನು ಬೆರೆಸುವುದಿಲ್ಲ; ಪ್ರತಿ ಗುಂಪಿನದ್ದನ್ನು ಅದರದೇ ಗಾತ್ರದಿಂದ ಭಾಗಿಸಿ ಕೂಡುತ್ತಾರೆ, ಡಿಗ್ರಿ ಆಫ್ ಫ್ರೀಡಂ ಅನ್ನು ತಕ್ಕಂತೆ ಇಳಿಸುತ್ತಾರೆ. ಮೇಲಿನ ಎರಡರಷ್ಟು ವಿಚಲನೆಯ ಉದಾಹರಣೆಯಲ್ಲಿ 40 ಇದ್ದದ್ದು ಸುಮಾರು 16ಕ್ಕೆ ಇಳಿಯುತ್ತದೆ. ಇದು ದಂಡವಲ್ಲ, ನಿಮ್ಮ ತಿಳಿವಳಿಕೆಯ ಬಹುಪಾಲು 14 ಗಿಡಗಳ ಮೇಲೆ ನಿಂತಿದೆ ಎಂಬ ಪ್ರಾಮಾಣಿಕ ಹೇಳಿಕೆ. ವೇರಿಯನ್ಸ್ ನಿಜವಾಗಿ ಸಮವಾಗಿದ್ದರೂ ವೆಲ್ಚ್ ಬಳಸುವುದರಿಂದ ಆಗುವ ನಷ್ಟ ತೀರಾ ಅಲ್ಪ. ಆರ್ ಭಾಷೆಯ ಟಿ-ಟೆಸ್ಟ್ ನೀವು ಬೇರೆ ಏನೂ ಹೇಳದಿದ್ದರೆ ವೆಲ್ಚ್ ಅನ್ನೇ ಮಾಡುತ್ತದೆ. ಎಸ್‌ಪಿಎಸ್‌ಎಸ್ ಎಂಬ ಸಾಫ್ಟ್‌ವೇರ್ ಎರಡು ಸಾಲು ಕೊಡುತ್ತದೆ, ಕೆಳಗಿನದು ವೆಲ್ಚ್. ಎಕ್ಸೆಲ್‌ನಲ್ಲಿ 3ನೇ ಬಗೆ ಎಂದು ಆಯ್ಕೆ ಮಾಡಬೇಕು. ನನ್ನ ಸಲಹೆ: ಯಾವಾಗಲೂ ವೆಲ್ಚ್, ಕಣ್ಣು ಮುಚ್ಚಿ.

ಹಾಗಾದರೆ ಲೆವೀನ್ ಯಾಕೆ ಎಂದು ಕೇಳುತ್ತೀರಿ. ಈ ಕೆಲಸಕ್ಕೆ ಬೇಡ ಎಂಬುದೇ ಉತ್ತರ. ನಿಮ್ಮ 0.08ರಿಂದ ‘ವೇರಿಯನ್ಸ್ ಸಮ ಇದೆ’ ಎಂಬ ತೀರ್ಮಾನ ಹೊರಡುವುದಿಲ್ಲ. ‘ಸಮ ಇಲ್ಲ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ’ ಎಂದಷ್ಟೇ ಹೊರಡುತ್ತದೆ. 14 ಗಿಡಗಳಿಂದ ಪುರಾವೆ ಸಿಗದೇ ಇರುವುದರಲ್ಲಿ ಆಶ್ಚರ್ಯವೇನು? ಸ್ಯಾಂಪಲ್ ಚಿಕ್ಕದಿದ್ದು ಅಸಮತೆ ಅಪಾಯಕಾರಿಯಾದಾಗ ಲೆವೀನ್ ಕುರುಡು. ಸ್ಯಾಂಪಲ್ ದೊಡ್ಡದಿದ್ದಾಗ ಲೆಕ್ಕಕ್ಕೇ ಬಾರದ ಅಸಮತೆಗೂ ಬೊಬ್ಬೆ ಹೊಡೆಯುತ್ತದೆ. ಸರಾಸರಿಗಳನ್ನು ಹೋಲಿಸುವ ಮುನ್ನ ವೇರಿಯನ್ಸ್ ಪರೀಕ್ಷಿಸುವ ಅಭ್ಯಾಸವನ್ನು ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ 1953ರಲ್ಲೇ ಗೇಲಿ ಮಾಡಿದ್ದರು. ದೊಡ್ಡ ಹಡಗು ಹೊರಡುವಷ್ಟು ಸಮುದ್ರ ಶಾಂತವಾಗಿದೆಯೇ ಎಂದು ನೋಡಿಬರಲು ಹುಟ್ಟು ಹಾಕುವ ದೋಣಿಯಲ್ಲಿ ಇಳಿದಂತೆ ಇದು, ಎಂಬುದು ಅವರ ಮಾತಿನ ತಾತ್ಪರ್ಯ. ಅವರು ಹೇಳಿದ್ದು ಅಂದು ಚಾಲ್ತಿಯಲ್ಲಿದ್ದ ಬಾರ್ಟ್‌ಲೆಟ್ ಪರೀಕ್ಷೆಯ ಬಗ್ಗೆ. ಲೆವೀನ್ ಪರೀಕ್ಷೆ ಬಂದದ್ದು 1960ರಲ್ಲಿ, ಅದರ ದೋಣಿ ಸ್ವಲ್ಪ ಗಟ್ಟಿ. ಆದರೂ ಮೊದಲು ಒಂದು ಪರೀಕ್ಷೆ ಮಾಡಿ, ಅದರ ಫಲಿತಾಂಶ ನೋಡಿ ಎರಡನೆಯದನ್ನು ಆರಿಸುವ ಪದ್ಧತಿಗೆ ಒಂದು ಮೂಲ ದೋಷ ಉಳಿದೇ ಇದೆ: ಇಡೀ ಎರಡು ಹಂತದ ಪ್ರಕ್ರಿಯೆಯ ತಪ್ಪಿನ ಪ್ರಮಾಣ ನೀವು ವರದಿಯಲ್ಲಿ ಬರೆಯುವ 5 ಶೇಕಡ ಆಗಿರುವುದಿಲ್ಲ.

ಕೊನೆಗೆ ಎಲ್ಲರ ಅಚ್ಚುಮೆಚ್ಚಿನ ನಾರ್ಮಲ್ ಪ್ರಶ್ನೆ. ಶಪಿರೋ-ವಿಲ್ಕ್ ಅನ್ನು ನೀವು ಇಡೀ ಕಾಲಂ ಮೇಲೆ ಓಡಿಸಿದಿರಿ. ಇಡೀ ಕಾಲಂ ನಾರ್ಮಲ್ ಆಗಿರಬೇಕು ಎಂದು ಟಿ-ಟೆಸ್ಟ್ ಎಂದೂ ಕೇಳಿಲ್ಲ. ಪ್ರತಿ ಗುಂಪಿನೊಳಗೆ ಆಗಿರಬೇಕು ಎಂದಷ್ಟೇ ಅದರ ಬೇಡಿಕೆ. ಎರಡು ಗುಂಪುಗಳೂ ತಮ್ಮಷ್ಟಕ್ಕೆ ಅಚ್ಚುಕಟ್ಟಾಗಿ ನಾರ್ಮಲ್ ಆಗಿದ್ದು ಸರಾಸರಿಗಳು ದೂರ ದೂರ ಇದ್ದರೆ, ಬೆರೆಸಿದ ಕಾಲಂಗೆ ಎರಡು ಗೂನು ಬರುತ್ತವೆ. ನಿಮ್ಮ ದ್ರಾವಣ ಎಷ್ಟು ಚೆನ್ನಾಗಿ ಕೆಲಸ ಮಾಡಿದೆಯೋ ಅಷ್ಟೇ ಜೋರಾಗಿ ಶಪಿರೋ-ವಿಲ್ಕ್ ‘ನಾರ್ಮಲ್ ಅಲ್ಲ’ ಎಂದು ಕೂಗುತ್ತದೆ. ಪರಿಣಾಮ ಇದೆ ಎಂಬ ಸಂತೋಷದ ಸುದ್ದಿಯನ್ನು ಗೃಹೀತ ಮುರಿಯಿತು ಎಂಬ ದೂರಾಗಿ ಓದಿಕೊಂಡಂತೆ. ಇದನ್ನು ತಪ್ಪಿಸಲು ಪ್ರತಿ ಅಳತೆಯಿಂದ ಅದರ ಗುಂಪಿನ ಸರಾಸರಿ ಕಳೆದು, ಉಳಿದದ್ದನ್ನು ನೋಡಬೇಕು.

ಹಾಗೆ ನೋಡುವಾಗಲೂ ಪಿ-ವ್ಯಾಲ್ಯೂ ಬದಲು ಚಿತ್ರ ನೋಡಿ. ಗುಂಪಿನ ಪ್ರತಿ ಗಿಡವನ್ನೂ ಒಂದೊಂದು ಚುಕ್ಕೆಯಾಗಿ ಇಡಿ. 14 ಚುಕ್ಕೆಗಳಿಗೆ ಬಾಕ್ಸ್‌ಪ್ಲಾಟ್ ಕೂಡ ಅನಗತ್ಯ ಅಲಂಕಾರ. ಹುಡುಕಬೇಕಾದದ್ದು ಎರಡು ಸಂಗತಿ: ಒಂದು ಕಡೆಗೆ ಉದ್ದನೆಯ ಬಾಲ ಇದೆಯೇ, ಉಳಿದವುಗಳಿಂದ ದೂರ ಹೋಗಿ ಕೂತ ಚುಕ್ಕೆ ಇದೆಯೇ.

‘30 ದಾಟಿದರೆ ಸಾಕು’ ಎಂಬ ಮಾತಿನ ಬೇರು ಕೇಂದ್ರೀಯ ಮಿತಿ ಪ್ರಮೇಯದಲ್ಲಿದೆ: ಸ್ಯಾಂಪಲ್ ಬೆಳೆದಂತೆ ಸರಾಸರಿಯ ಹಂಚಿಕೆ ನಾರ್ಮಲ್ ಕಡೆಗೆ ಸರಿಯುತ್ತದೆ. ಪ್ರಮೇಯ ನಿಜ. 30 ಎಂಬ ಸಂಖ್ಯೆ ಮಾತ್ರ ಪ್ರಮೇಯದಲ್ಲಿ ಎಲ್ಲೂ ಇಲ್ಲ. ಎರಡೂ ಬದಿಗೆ ಸಮವಾಗಿ ಹರಡಿದ, ಬಾಲ ಚಿಕ್ಕದಾದ ಅಂಕಿಗಳಿಗೆ 10 ಇದ್ದರೂ ಟಿ-ಟೆಸ್ಟ್ ಸರಿಯಾಗಿ ನಡೆಯುತ್ತದೆ. ಒಂದೇ ಬದಿಗೆ ಬಾಲ ಬೆಳೆದ ಅಂಕಿಗಳಿಗೆ 30 ಸಾಲದೇ ಹೋಗಬಹುದು, ತೀವ್ರವಾಗಿದ್ದರೆ 100 ಕೂಡ. ಮೇಲಾಗಿ ಪ್ರಮೇಯ ಭರವಸೆ ಕೊಡುವುದು ಭಾಗಾಕಾರದ ಮೇಲಿನ ಸಂಖ್ಯೆಗೆ. ಬಲಕ್ಕೆ ಬಾಲ ಇರುವ ಅಂಕಿಗಳಲ್ಲಿ ಕೆಳಗಿನದೂ ಕೈಕೊಡುತ್ತದೆ: ಬಾಲದ ತುದಿಯ ಗಿಡಗಳು ಸ್ಯಾಂಪಲ್‌ಗೆ ಬೀಳದಿದ್ದರೆ ಸರಾಸರಿಯೂ ಇಳಿಯುತ್ತದೆ, ವಿಚಲನೆಯ ಅಂದಾಜೂ ಇಳಿಯುತ್ತದೆ. ಇಳಿದ ಸರಾಸರಿಯನ್ನು ಕುಗ್ಗಿದ ವಿಚಲನೆಯಿಂದ ಭಾಗಿಸಿದಾಗ ಟಿ ಒಂದು ದಿಕ್ಕಿಗೆ ಅತಿಯಾಗಿ ಜಿಗಿಯುತ್ತದೆ. ಮೇಲಿನದೂ ಕೆಳಗಿನದೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವುದು ನಾರ್ಮಲ್ ಹಂಚಿಕೆಯ ವಿಶೇಷ ಗುಣ. ಎರಡು ಗುಂಪುಗಳ ಆಕಾರ ಒಂದೇ ಥರ ಇದ್ದು ಗಾತ್ರವೂ ಸಮವಾಗಿದ್ದರೆ ಈ ಓರೆ ಎರಡೂ ಕಡೆಯಿಂದ ಬಂದು ಬಹುಮಟ್ಟಿಗೆ ಪರಸ್ಪರ ವಜಾ ಆಗುತ್ತದೆ. 14 ಮತ್ತು 28ರಲ್ಲಿ ಪೂರ್ತಿ ವಜಾ ಆಗುವುದಿಲ್ಲ.

ದೂರ ಕೂತ ಚುಕ್ಕೆಯ ಬಗ್ಗೆ ಜನರಿಗೆ ತಲೆಕೆಳಗಾದ ಕಲ್ಪನೆ ಇದೆ, ಅದು ಸುಳ್ಳು ಪರಿಣಾಮ ಹುಟ್ಟಿಸುತ್ತದೆ ಎಂದು. ಲೆಕ್ಕ ಹಾಕಿ ನೋಡಿ. ಒಂದು ಗುಂಪು 1, 2, 3, 4, 5. ಇನ್ನೊಂದು 6, 7, 8, 9, 10. ಸರಾಸರಿಗಳ ವ್ಯತ್ಯಾಸ 5, ಟಿ ಕೂಡ 5. ಈಗ ಕೊನೆಯ 10 ಅನ್ನು 100 ಮಾಡಿ. ವ್ಯತ್ಯಾಸ 23ಕ್ಕೆ ಏರುತ್ತದೆ. ಟಿ ಮಾತ್ರ 1.24ಕ್ಕೆ ಬೀಳುತ್ತದೆ. ಮೇಲಿನ ಸಂಖ್ಯೆ ಹಿಗ್ಗಿತು, ಕೆಳಗಿನದು ಅದಕ್ಕಿಂತ ಬಹಳ ಹಿಗ್ಗಿತು. ಗಾಸೆಟ್‌ರ ನಿದ್ದೆಯ ಅಂಕಿಗಳಲ್ಲೂ ಇಂಥವರೊಬ್ಬರಿದ್ದಾರೆ. ಹತ್ತರಲ್ಲಿ ಎಂಟು ವ್ಯತ್ಯಾಸಗಳು 0.8 ಮತ್ತು 2.4 ಗಂಟೆಗಳ ನಡುವೆ ಇವೆ, ಒಬ್ಬರದು ಸೊನ್ನೆ, ಒಬ್ಬರದು 4.6. ಆ 4.6 ತೆಗೆದು ಲೆಕ್ಕ ಹಾಕಿದರೆ ಸರಾಸರಿ ವ್ಯತ್ಯಾಸ 1.58ರಿಂದ 1.24ಕ್ಕೆ ಇಳಿಯುತ್ತದೆ, ಟಿ ಮಾತ್ರ 4.06ರಿಂದ ಸುಮಾರು 5.7ಕ್ಕೆ ಏರುತ್ತದೆ. ತೆಗೆಯಿರಿ ಎಂದು ಹೇಳುತ್ತಿಲ್ಲ. ಅಳತೆಯ ತಪ್ಪು ಎಂದು ತೋರಿಸಲಾಗದ ಚುಕ್ಕೆಯನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ. ಚುಕ್ಕೆ ಇರುವಾಗ ಏನು, ಇಲ್ಲದಾಗ ಏನು ಎಂದು ಎರಡನ್ನೂ ಓದುಗರ ಮುಂದಿಡಿ, ಅಷ್ಟೇ.

ನಿಮ್ಮದು ರಾಸಾಯನಿಕದ ಪ್ರಮಾಣ. ಇಂಥ ಅಳತೆಗಳು ಸೊನ್ನೆಗಿಂತ ಕೆಳಗೆ ಹೋಗಲಾರವು, ಮೇಲಕ್ಕೆ ಎಷ್ಟಾದರೂ ಹೋಗಬಹುದು. ಹಾಗಾಗಿ ಬಲಕ್ಕೆ ಬಾಲ ಬೆಳೆಯುವುದು ಸಹಜ, ಸರಾಸರಿ ಹೆಚ್ಚಾದಂತೆ ವಿಚಲನೆ ಹೆಚ್ಚುವುದೂ ಸಹಜ. ಲಾಗರಿದಮ್ ತೆಗೆದರೆ ಎರಡೂ ಒಟ್ಟಿಗೆ ತಣ್ಣಗಾಗುತ್ತವೆ. ಆದರೆ ಪರೀಕ್ಷೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ ಎಂಬ ಎಚ್ಚರ ಇರಲಿ: ‘ಎಷ್ಟು ಘಟಕ ಹೆಚ್ಚು’ ಎಂಬುದರ ಬದಲು ‘ಎಷ್ಟು ಪಟ್ಟು ಹೆಚ್ಚು’. ನಿಮ್ಮ ವಿಷಯದಲ್ಲಿ ಎರಡನೆಯದೇ ಅರ್ಥಪೂರ್ಣ ಎಂದು ನನ್ನ ಊಹೆ, ಆದರೆ ಅದನ್ನು ನಿರ್ಧರಿಸಬೇಕಾದವರು ಸಸ್ಯವನ್ನು ಬಲ್ಲ ನೀವು ಮತ್ತು ನಿಮ್ಮ ಗೈಡ್. ಪಿ-ವ್ಯಾಲ್ಯೂ ಯಾವುದರಲ್ಲಿ ಚಿಕ್ಕದಾಗಿ ಬಂತು ಎಂದು ನೋಡಿ ಆರಿಸಬೇಡಿ. ಲಾಗ್ ತೆಗೆಯುವುದಾದರೆ, ಮೂರು ಎಲೆಗಳ ಅಳತೆಗೆ ಮೊದಲು ಲಾಗ್, ಆಮೇಲೆ ಗಿಡದ ಸರಾಸರಿ. ಅಳತೆಗಳಲ್ಲಿ ಸೊನ್ನೆ ಇದ್ದರೆ ಈ ದಾರಿ ಮುಚ್ಚಿದೆ. ಏನೋ ಒಂದು ಚಿಕ್ಕ ಸಂಖ್ಯೆ ಕೂಡಿಸಿ ಲಾಗ್ ತೆಗೆಯುವ ಚಾಳಿಗೆ ಬೀಳಬೇಡಿ, ಕೂಡಿಸಿದ ಸಂಖ್ಯೆಯ ಮೇಲೆ ಫಲಿತಾಂಶ ಕುಣಿಯುತ್ತದೆ.

ಮ್ಯಾನ್-ವಿಟ್ನಿ ಬಗ್ಗೆ ಕೇಳಿದ್ದೀರಿ. 1947ರ ಆ ಪರೀಕ್ಷೆ ಒಳ್ಳೆಯದೇ, ನಾನೂ ಬಳಸುತ್ತೇನೆ. ಗೃಹೀತವೇ ಇಲ್ಲ ಎಂಬ ಮಾತು ಮಾತ್ರ ಸುಳ್ಳು. ಅಳತೆಗಳ ಸ್ವಾತಂತ್ರ್ಯ ಅದಕ್ಕೂ ಬೇಕು, ಅಷ್ಟೇ ಖಡಾಖಂಡಿತವಾಗಿ. 126 ಎಲೆಗಳ ಮೇಲೆ ಮ್ಯಾನ್-ವಿಟ್ನಿ ಮಾಡಿದರೂ ಅದೇ ಗುಂಡಿಗೆ ಬೀಳುತ್ತೀರಿ. ಅದು ಕೇಳುವ ಪ್ರಶ್ನೆಯೂ ಬೇರೆ: ಈ ಗುಂಪಿನಿಂದ ಒಂದು ಗಿಡ, ಆ ಗುಂಪಿನಿಂದ ಒಂದು ಗಿಡ ಯಾದೃಚ್ಛಿಕವಾಗಿ ತೆಗೆದರೆ ಯಾವುದರಲ್ಲಿ ಹೆಚ್ಚಿರುವ ಸಂಭವ ಜಾಸ್ತಿ? ಇದು ಸರಾಸರಿಗಳ ಹೋಲಿಕೆಯಲ್ಲ. ಮಧ್ಯಾಂಕಗಳ ಹೋಲಿಕೆ ಎಂದು ಬರೆಯುವುದು ರೂಢಿ, ಆದರೆ ಎರಡೂ ಗುಂಪಿನ ಹಂಚಿಕೆಗೆ ಒಂದೇ ಆಕಾರ ಇದ್ದು ಒಂದು ಇನ್ನೊಂದರಿಂದ ಸರಿದಿರುವುದಷ್ಟೇ ಆಗಿದ್ದರೆ ಮಾತ್ರ ಆ ಓದು ಸಲ್ಲುತ್ತದೆ. ಹರಡುವಿಕೆ ಬೇರೆ ಬೇರೆ ಇದ್ದಾಗ ಅದರ ಪಿ-ವ್ಯಾಲ್ಯೂ ಕೂಡ ದಾರಿ ತಪ್ಪುತ್ತದೆ. ನಿಮ್ಮ ಅಳತೆ ‘ಕಡಿಮೆ, ಸಾಧಾರಣ, ಹೆಚ್ಚು’ ಎಂಬಂಥ ದರ್ಜೆಯಾಗಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ.

ಈಗ ಮೇಜಿನ ಮುಂದೆ ಕೂತು ಮಾಡಬೇಕಾದ ಕೆಲಸ. ನೋಟ್‌ಬುಕ್‌ನಲ್ಲಿ ಗಿಡಗಳ ಜಾಗ ನೋಡಿಯಾದ ಮೇಲೆ, ಲಾಗ್ ಬೇಕೋ ಬೇಡವೋ ಎಂದು ಗೈಡ್ ಜೊತೆ ಕೂತು ನಿರ್ಧರಿಸಿ. 42 ಸಂಖ್ಯೆಗಳನ್ನು ಮಾಡಿಕೊಳ್ಳಿ, ಚುಕ್ಕೆಗಳ ಚಿತ್ರ ಬರೆಯಿರಿ, ವೆಲ್ಚ್ ಓಡಿಸಿ. ಪಿ-ವ್ಯಾಲ್ಯೂ ಜೊತೆಗೆ ವ್ಯತ್ಯಾಸದ 95 ಶೇಕಡ ವಿಶ್ವಾಸಾಂತರವನ್ನೂ (ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು) ಕೊಡಿ. ಅದು ದ್ರಾವಣದ ಬಗ್ಗೆ ಹೇಳುವುದು ಪಿ-ವ್ಯಾಲ್ಯೂಗಿಂತ ಹೆಚ್ಚು. 0.02 ಇದ್ದದ್ದು 0.1 ಆಗಿಯೋ 0.2 ಆಗಿಯೋ ಹೊರಬಂದರೆ ಆಶ್ಚರ್ಯಪಡಬೇಡಿ, ಪರೀಕ್ಷೆ ಬದಲಿಸುತ್ತಾ ಹೋಗಬೇಡಿ.

ಪ್ರಬಂಧದಲ್ಲಿ ಬರೆಯಲು ಇಷ್ಟು ಸಾಕು: ‘ಪ್ರಯೋಗದ ಘಟಕ ಗಿಡ, ಪ್ರತಿ ಗಿಡದ ಮೂರು ಎಲೆಗಳ ಅಳತೆಗಳ ಸರಾಸರಿಯನ್ನು ವಿಶ್ಲೇಷಣೆಗೆ ಬಳಸಲಾಗಿದೆ. ಗುಂಪುಗಳ ಗಾತ್ರ ಅಸಮವಾಗಿರುವುದರಿಂದ ವೇರಿಯನ್ಸ್ ಸಮ ಎಂದು ಭಾವಿಸದೆ ವೆಲ್ಚ್ ಟಿ-ಟೆಸ್ಟ್ ಮಾಡಲಾಗಿದೆ. ಗುಂಪುಗಳೊಳಗಿನ ಹಂಚಿಕೆಯನ್ನು ಚಿತ್ರದ ಮೂಲಕ ಪರಿಶೀಲಿಸಲಾಗಿದೆ.’ ಲಾಗ್ ತೆಗೆದಿದ್ದರೆ ಅದಕ್ಕೂ ಕಾರಣಕ್ಕೂ ಒಂದು ವಾಕ್ಯ. ಶಪಿರೋ-ವಿಲ್ಕ್ ಎಲ್ಲಿ ಎಂದು ಗೈಡ್ ಕೇಳಿದರೆ ಚುಕ್ಕೆಗಳ ಚಿತ್ರವನ್ನು ಮುಂದಿಡಿ. ಆಗಲೂ ಸಂಖ್ಯೆಯೇ ಬೇಕು ಎಂದರೆ, ಗುಂಪಿನ ಸರಾಸರಿ ಕಳೆದ 42 ಉಳಿಕೆಗಳ ಮೇಲೆ ಮಾಡಿ ಅನುಬಂಧಕ್ಕೆ ಸೇರಿಸಿ.